ನೂರು ರೂಪಾಯಿಯ ಸದಸ್ಯರು

ಆಗ ನನಗೆ ಅರವತ್ತೆಂಟು. ಇದು ನಡೆದು ನಾಲ್ಕು ವರ್ಷವಾಯಿತು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಕೂಡಿಸುವುದು ಕಲಿತಿದ್ದೆ, ಕಳೆಯುವುದು ಕಲಿಸುವ ಮೊದಲೇ ಮನೆಗೆ ಕರೆದರು. ಅದರ ಫಲ ಸಂಘ ಉಂಡಿತು.

ಟಿಕೋಟಾದಲ್ಲಿ ನಮ್ಮದೊಂದು ರೈತರ ಧರ್ಮದ ಸಂಘ. ವರ್ಷಕ್ಕೆ ನೂರು ರೂಪಾಯಿ ಕೊಟ್ಟವರು ಸದಸ್ಯರು. ಯಾವ ಸದಸ್ಯರ ಎತ್ತು ಸತ್ತರೂ ಬಿತ್ತಿಗೆಯ ಹೊತ್ತಿಗೆ ಸಂಘ ಕೈಹಿಡಿಯಬೇಕು. ನಾನು ಅಧ್ಯಕ್ಷೆ. ಬಬಲೇಶ್ವರದ ಸಂತೆಯಲ್ಲಿ, ಬಸ್ಸಿನಲ್ಲಿ, ಸತ್ತವರ ಮನೆಯಲ್ಲೂ ಬಿಡದೆ ಸದಸ್ಯರನ್ನು ಹಿಡಿದೆ. ಮಂದಿ ಬಂದದ್ದು ನನ್ನ ಮಾತಿಗಲ್ಲ, ವಾರ್ಷಿಕ ಸಭೆಯ ಊಟಕ್ಕೆ. ಹೋಳಿಗೆ, ಮೇಲೆ ಸುರಿಯುವಷ್ಟು ತುಪ್ಪ, ಮನೆಯಲ್ಲಿ ಉಳಿದವರಿಗೆ ಬುತ್ತಿ. "ಉಣಿಸದ ಕಳಿಸಿದ್ರ ನಮಗ ಯಾರ್ ಬೆಲಿ ಕೊಡ್ತಾರ?" ಎಂದು ಹಟ ಹಿಡಿದವಳು ನಾನೇ.

ಆ ವರ್ಷ ಮುಂಗಾರಿನ ಬಿತ್ತಿಗೆಗೆ ಮೊದಲು ಕಳ್ಳಕವಟಗಿಯ ಸದಸ್ಯೆ ಶಾಂತವ್ವ ಬಂದಳು. ಗಂಡನಿಲ್ಲದವಳು, ನಾಲ್ಕೆಕರೆ ಹೊಲ, ಜೋಡಿಯಲ್ಲಿ ಒಂದೆತ್ತು ಸತ್ತಿತ್ತು.

"ಯಕ್ಕಾ, ನಾಕ ದಿನದಾಗ ಬಿತ್ತಬೇಕು. ಸಂಘ ಐತಿ ಅಂತ ಧೈರ್ಯಾ ಮಾಡೇನಿ."

"ಚಿಂತಿ ಬಿಡ ಬೇ, ನಮ್ಮ ಸಂಘ ಈಗ ಬಾಳ ದೊಡ್ಡದಾಗೇತಿ" ಎಂದು ಬೀಗುತ್ತ, ಲೆಕ್ಕ ಬರೆಯುವ ಸೊಸೆ ಸವಿತಾಳನ್ನು ಕರೆದೆ. ಅವಳು ವಿಜಯಪುರದ ಕಾಲೇಜಿನಲ್ಲಿ ಪಾಠ ಹೇಳುವವಳು.

"ರೊಕ್ಕಾ ಇಲ್ರಿ ಅತ್ತಿ."

"ನಾಕನೂರ ಮಂದಿ ಮಾಡೇನಿ! ಎಲ್ಲಿ ಹೋತು?"

"ಅವ್ರ ಹೊಟ್ಟ್ಯಾಗ. ನೂರ ರೂಪಾಯಿ ಇಸ್ಕೊಂಡು ನೂರಾ ಇಪ್ಪತ್ತರ ಊಟ ಹಾಕೀರಿ. ನೀವು ಒಬ್ಬೊಬ್ಬರನ್ನ ತಂದಂಗೆಲ್ಲಾ ಸಂಘ ಸೊರಗೇತಿ. ಹ್ವಾದ ವರ್ಷಾನೂ ಹೇಳಿದ್ನಿ. 'ಲೆಕ್ಕ ಆಮ್ಯಾಲ, ಮೊದಲ ತುಪ್ಪ ನೀಡು' ಅಂದ್ರಿ."

ಶಾಂತವ್ವ ಎದ್ದು ನಿಂತಳು. "ಇರ್ಲಿ ಬಿಡ್ರಿ, ಆ ಹೋಳಿಗಿ ನಾನೂ ಎರಡ ತಿಂದೇನಿ" ಎಂದಳು.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದರಲ್ಲಿ ನಾನು ಗಟ್ಟಿ. ಈ ಮಾತಿಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಚಹಾ ಕುಡಿಯದೆ ಹೋದಳು. ಕುಡಿ ಎನ್ನಲು ನನಗೆ ಮುಖವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಜೋಡಿಯಲ್ಲೊಂದು ಎತ್ತನ್ನು ಸಾಮಾನು ಸಾಗಿಸುವ ಟಂಟಂ ಗಾಡಿಗೆ ಹತ್ತಿಸಿಕೊಂಡು ಕಳ್ಳಕವಟಗಿಗೆ ಹೋದೆ. ಮಂದಿ ನೋಡುತ್ತಿದ್ದರು. ನಾಚಿಕೆಗೆ ಬಾಯಿಂದ ಸುಳ್ಳು ಬಂತು: "ಸಂಘ ಕಳಿಸೇತಿ. ಬಿತ್ತಿಗಿ ಮುಗದಮ್ಯಾಲ ತಿರುಗಿ ಕಳಿಸು." ಶಾಂತವ್ವ ನನ್ನ ಮುಖ ನೋಡಿ ಎತ್ತಿನ ಹಗ್ಗ ಹಿಡಿದಳು. ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು, "ಎಂಥಾ ಸಂಘರೀ ಯಮ್ಮಾ! ನಮ್ಮನ್ನೂ ಸೇರಿಸ್ಕೋರಿ" ಎಂದು ನೂರು ನೂರರ ನೋಟು ಚಾಚಿದರು.

ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೇಳಿದೆ: "ಮೊದಲ ಖರೇ ಹೇಳ್ರಪಾ, ಒಬ್ಬೊಬ್ಬರು ಎಷ್ಟ ಹೋಳಿಗಿ ತಿಂತೀರಿ?"