ಮೇಷ್ಟ್ರು ಮಾಡಿದ ಕಾಲಿಂಗ್ ಬೆಲ್

ಆ ಮನೆಯ ಕಾಲಿಂಗ್ ಬೆಲ್ ಚೆನ್ನಾಗಿಯೇ ಬಡಿದುಕೊಳ್ಳುತ್ತಿತ್ತು. ಅದೇ ಅದರ ತಪ್ಪು. ಚೆನ್ನಾಗಿರುವ ವಸ್ತು ಕಂಡರೆ ಭೂಗೋಳದ ಮೇಷ್ಟ್ರಿಗೆ ಕೈ ತುರಿಸುತ್ತದೆ. ಒಂದು ಬೆಳಿಗ್ಗೆ ಅದನ್ನು ಬುಡಸಮೇತ ಕಿತ್ತುಹಾಕಿ, ಊಟದ ಮೇಜಿನ ಮೇಲೆ ಅಂಗೈ ಅಗಲದ ಹಸಿರು ಬೋರ್ಡೊಂದನ್ನು ಪ್ರತಿಷ್ಠಾಪಿಸಿದರು.

"ಇದು ಎಫ್‌ಪಿಜಿಎ ಬೋರ್ಡು ಕಣೇ. ಗಡಿಯಾರ ಆಗು ಅಂದ್ರೆ ಗಡಿಯಾರ ಆಗುತ್ತೆ, ಬೆಲ್ ಆಗು ಅಂದ್ರೆ ಬೆಲ್. ಪ್ರೋಗ್ರಾಂ ಬರೆದು ಕಂಪ್ಯೂಟರಿಂದ ಒಳಗೆ ಕಳಿಸಿದ್ರೆ ಮುಗೀತು."

"ಹೇಳಿದ ಮಾತು ಕೇಳೋ ವಸ್ತು ಈ ಮನೇಲಿ ಒಂದಾದ್ರೂ ಇರ್ಲಿ ಬಿಡಿ," ಎಂದರು ಶ್ರೀಮತಿಯವರು. ಅವರು ಔಷಧಿ ಅಂಗಡಿ ನಡೆಸುವವರು. ಕಹಿಯನ್ನು ನಯವಾಗಿ ಕೊಡುವುದು ಅವರಿಗೆ ಅಭ್ಯಾಸ.

ಇದೆಲ್ಲದರ ಹಿಂದೆ ಇದ್ದದ್ದು ಮಾನದ ಪ್ರಶ್ನೆ. ಭಾನುವಾರ ಶ್ರೀಮತಿಯ ಅಕ್ಕ ಭಾವ ಊಟಕ್ಕೆ ಬರುವವರಿದ್ದರು. ಆ ಭಾವ, ಅಂದರೆ ಮೇಷ್ಟ್ರ ಷಡ್ಡಕ, ಎಲೆಕ್ಟ್ರಾನಿಕ್ಸ್ ಎಂಜಿನಿಯರು. ಹೋದ ಸಲ ಬಂದಾಗ, "ನಿಮಗ್ಯಾಕೆ ಇದೆಲ್ಲ ಮೇಷ್ಟ್ರೇ, ನೀವು ನದಿ ಪರ್ವತ ನೋಡ್ಕೊಳ್ಳಿ," ಎಂದು ನಕ್ಕು ಹೋಗಿದ್ದರು. ಈ ಸಲ ಅದೇ ಮಹಾಶಯರ ಬೆರಳಿನಿಂದಲೇ ಬೆಲ್ ಒತ್ತಿಸಬೇಕೆಂದು ಮೇಷ್ಟ್ರು ಪಣ ತೊಟ್ಟಿದ್ದರು.

ಆದರೆ ಬೋರ್ಡು ಕೆಂಪು ದೀಪ ಹಚ್ಚಿಕೊಂಡು ಜಮ್ಮಂತ ಕೂತಿದ್ದರೂ ಕಂಪ್ಯೂಟರು ಮಾತ್ರ, 'ಯಾವ ಬೋರ್ಡೂ ಕಾಣುತ್ತಿಲ್ಲ' ಎಂದು ಸಾಧಿಸತೊಡಗಿತು. "ಕಣ್ಣೆದುರಿಗೇ ಇದೆಯಲ್ಲೋ," ಎಂದು ಮೇಷ್ಟ್ರು ಅದನ್ನು ಗದರಿದರು. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದರು. ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿದರು. ಬೋರ್ಡಿನ ಮೇಲೆ ಉಫ್ ಎಂದು ಊದಿದರು (ಇದು ಯಾವ ಪುಸ್ತಕದಲ್ಲೂ ಇಲ್ಲದ ಚಿಕಿತ್ಸೆ). ಮನೆಮಂದಿ ಅಷ್ಟರಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತಿದ್ದರು.

ಶನಿವಾರ ಮಧ್ಯಾಹ್ನ ಶ್ರೀಮತಿಯವರು ಫೋನಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಲು ಬೋರ್ಡಿಗೆ ಸಿಕ್ಕಿಸಿದ್ದ ಕೇಬಲ್ಲನ್ನೇ ಎತ್ತಿಕೊಂಡರು. ಕಂಪ್ಯೂಟರಿಗೆ ಫೋನೂ ಕಾಣಲಿಲ್ಲ.

"ರೀ, ಇದು ನಿಮ್ಮ ಗಡ್ಡ ಹೆರೆಯೋ ಮಷೀನಿನ ಕೇಬಲ್ ಅಲ್ವಾ? ಇದರಲ್ಲಿ ಬರೀ ಕರೆಂಟ್ ಹೋಗುತ್ತೆ, ಮಾಹಿತಿ ಹೋಗಲ್ಲ."

ಮೇಷ್ಟ್ರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ದೀಪ ಉರಿಯುತ್ತಿದೆ ಎಂದು ಕೇಬಲ್ ಒಂದನ್ನು ಬಿಟ್ಟು ಲೋಕದಲ್ಲಿರುವುದನ್ನೆಲ್ಲ ಅನುಮಾನಿಸಿದ್ದರು. ಫೋನಿನ ಕೇಬಲ್ ಹಾಕಿದ್ದೇ ತಡ, ಪ್ರೋಗ್ರಾಂ ಸರ್ರನೆ ಒಳಗಿಳಿಯಿತು. ಕಂಪ್ಯೂಟರಿಂದ ಬಿಡಿಸುವ ಮೊದಲೇ ಬೋರ್ಡನ್ನು ನಡುಮನೆಯ ಪ್ಲಗ್ಗಿನ ವಯರಿಗೂ ತಗುಲಿಸಿ, ಬಾಗಿಲ ಬಳಿ ಕೂರಿಸಿ, ಗುಂಡಿ ಒತ್ತಿದರೆ ಟಿಂಗ್ ಟಾಂಗ್. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ನೆಂಟರನ್ನು ಬಸ್ ಸ್ಟಾಪಿನಿಂದ ಕರೆತರಲು ಹೊರಟಾಗ ಕಟ್ಟಪ್ಪಣೆ ಹೊರಡಿಸಿದರು: "ಬಾಗಿಲು ಯಾರೇ ಬಡಿದ್ರೂ ತೆಗೀಬೇಡ. ಬೆಲ್ ಆದ್ಮೇಲೇ ತೆಗೀಬೇಕು. ಭಾವನವರು ಕಿವಿಯಾರೆ ಕೇಳ್ಬೇಕು."

ಕರೆತಂದು, ಮೆಟ್ಟಿಲ ಮೇಲೆ ಬದಿಗೆ ಸರಿದು, "ಒತ್ತಿ ಭಾವ," ಎಂದರು. ಷಡ್ಡಕರು ಒತ್ತಿದರು. ಸದ್ದಿಲ್ಲ. ಮೇಷ್ಟ್ರು ತಾವೇ ಒತ್ತಿದರು, ಅದುಮಿದರು, ಕೊನೆಗೆ ಗುದ್ದಿದರು. ವಿಧಿಯಿಲ್ಲದೆ ಬಾಗಿಲು ಬಡಿದರು.

"ಬೆಲ್ ಒತ್ತಿ," ಎಂದಿತು ಒಳಗಿನ ಧ್ವನಿ.

"ಲೇ, ನಾನು ಕಣೇ."

"ಯಾರೇ ಆಗ್ಲಿ. ನಮ್ಮನೆಯವರು ಹೇಳಿ ಹೋಗಿದಾರೆ."

"ಅದು ಆಗ್ತಿಲ್ಲ ಮಾರಾಯ್ತಿ. ನೀನೇನಾದ್ರೂ ಮುಟ್ಟಿದ್ಯಾ?"

"ಮುಟ್ಟಿಲ್ಲಪ್ಪ. ಮೇಜಿನ ಬಟ್ಟೆಗೆ ಇಸ್ತ್ರಿ ಹಾಕೋಕೆ ಪ್ಲಗ್ ಕಿತ್ತಿದ್ದೆ. ಮತ್ತೆ ಚುಚ್ಚಿದೀನಿ, ದೀಪ ಉರೀತಿದೆ."

ಷಡ್ಡಕರು ಕೆಮ್ಮಿದರು. "ಮೇಷ್ಟ್ರೇ, ಪ್ರೋಗ್ರಾಮನ್ನು ಬೋರ್ಡಿನ ಶಾಶ್ವತ ಮೆಮೊರಿಗೆ ಬರೀಲಿಲ್ವಾ? ಬರೀ ಚಿಪ್ಪಿಗೆ ಕಳಿಸಿದ್ರೆ ಕರೆಂಟ್ ಹೋದ ತಕ್ಷಣ ಎಲ್ಲಾ ಮರೆತುಬಿಡುತ್ತೆ."

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. (ಭೂಮಿ ಯಾವಾಗ ಬಾಯಿ ಬಿಡುತ್ತದೆಂದು ಒಂಬತ್ತನೇ ತರಗತಿಗೆ ಅವರೇ ಪಾಠ ಮಾಡುತ್ತಾರೆ.)

"ಬಾಗಿಲು ತೆಗಿಯೇ, ಕಾಲು ನೋಯ್ತಿದೆ," ಎಂದು ಅಕ್ಕ ಕೂಗಿದ ಮೇಲೆ ಚಿಲಕ ಸರಿಯಿತು. ಒಳಗೆ ಬಂದವರೇ ಅಕ್ಕ ಬ್ಯಾಗಿನಿಂದ ಬಣ್ಣದ ಡಬ್ಬಿಯೊಂದನ್ನು ತೆಗೆದು ಮೇಷ್ಟ್ರ ಕೈಗಿಟ್ಟರು. ಅಂಗಡಿಯ ಹೊಚ್ಚ ಹೊಸ ಕಾಲಿಂಗ್ ಬೆಲ್.

"ಬೇಜಾರು ಮಾಡ್ಕೋಬೇಡಿ. ಬರುವಾಗ ಒಂದು ತಗೊಂಡು ಬಾ ಅಂತ ಇವಳು ಹೋದ ವಾರವೇ ಫೋನ್ ಮಾಡಿದ್ಲು."

ಊಟಕ್ಕೆ ಮುಂಚೆ ಮೇಷ್ಟ್ರು ಸ್ಟೂಲು ಹತ್ತಿ ಅದನ್ನು ಗೋಡೆಗೆ ಕೂರಿಸಿದರು. ಷಡ್ಡಕರು ಸ್ಟೂಲು ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾವ ವಯರು ಎಲ್ಲಿಗೆ ಎಂದು ಕೆಳಗಿನಿಂದ ಹೇಳಿಕೊಡುತ್ತಿದ್ದರು.