ಡ್ಯಾಫೊಡಿಲ್ ಕಾಯಲು ಹಾಕಿದ ರಜೆ

ದಣಿವಿಗೆ ರಜೆ ಕೊಡುವ ಪದ್ಧತಿ ನಮ್ಮ ಇಲಾಖೆಯಲ್ಲಿಲ್ಲ. ಜ್ವರಕ್ಕೆ ಕೊಡುತ್ತಾರೆ, ಮದುವೆಗೆ ಕೊಡುತ್ತಾರೆ, ತಿಥಿಗೂ ಕೊಡುತ್ತಾರೆ. ‘ಸಾಕಾಗಿದೆ’ ಎಂದಷ್ಟೇ ಬರೆದರೆ ಮಾತ್ರ ಕೊಡುವುದಿಲ್ಲ. ಹಾಗಾಗಿ ಮಂಡ್ಯದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಕಲಿಸುತ್ತಿರುವ ನಾನು ಕಳೆದ ಫೆಬ್ರವರಿಯಲ್ಲಿ ಒಂದು ದಿನ ಸುಳ್ಳು ಹೇಳಿ ಮನೆಯಲ್ಲಿ ಉಳಿದೆ, ಅದೂ ಒಂದು ಹೂವಿನ ಸಲುವಾಗಿ.

ಆ ಹೂ ನಮ್ಮ ಯಜಮಾನರದ್ದು. ನಿವೃತ್ತರಾದ ಮೇಲೆ ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಮನೆ ಮುಂದಿನ ಅಂಗೈಯಗಲ ಜಾಗದಲ್ಲಿ ಅವರು ನೆಡದ ಗಿಡವಿಲ್ಲ, ಬದುಕಿದ್ದು ಕಡಿಮೆ. ಊಟಿಗೆ ಹೋದಾಗ ಈರುಳ್ಳಿಯಂಥ ಐದು ಡ್ಯಾಫೊಡಿಲ್ ಗೆಡ್ಡೆ ತಂದರು. ಚಳಿ ಕಾಣದೆ ಅವು ಹೂ ಬಿಡುವುದಿಲ್ಲವಂತೆ. ಮಂಡ್ಯಕ್ಕೆ ಚಳಿಯನ್ನು ಎಲ್ಲಿಂದ ತರುವುದು? ಮೂರು ತಿಂಗಳು ನನ್ನ ಫ್ರಿಜ್ಜಿನಲ್ಲಿಟ್ಟರು. ಸೊಪ್ಪು ತರಕಾರಿ ಹೊರಗೆ ಬಾಡಿದವು. ಶಾಲೆಯಿಂದ ಬಂದು ಒಲೆ ಹಚ್ಚುವಾಗಲೆಲ್ಲ ಬೆನ್ನ ಹಿಂದಿನಿಂದ, “ಈರುಳ್ಳಿ ಅಂತ ಅದ ಎಚ್ಬುಟ್ಟೀಯ, ವಿಸ ಕಣೇ!” ಎನ್ನುತ್ತಿದ್ದರು. ಆ ವಿಷದ ಉಪಯೋಗದ ಬಗ್ಗೆ ನಾನು ಒಂದೆರಡು ಸಲ ಯೋಚಿಸಿದ್ದೂ ಉಂಟು.

ಕೊನೆಗೆ ಮಣ್ಣಿಗೆ ನೆಟ್ಟ ಐದರಲ್ಲಿ ಒಂದೇ ಒಂದು ಮೊಗ್ಗು ಬಿಟ್ಟಿತು. ಅದು ಬಿರಿಯುವ ದಿನವೇ ನಿಡಘಟ್ಟದಲ್ಲಿ ಅವರ ತಂಗಿಯ ಗೃಹಪ್ರವೇಶ. ನನಗೆ ಶಾಲೆಯ ನೆಪವಿತ್ತು, ಅಣ್ಣನಾದವರಿಗೆ ಯಾವ ನೆಪವಿದೆ? ಬೆಳಗಿನ ಬಸ್ಸಿಗೆ ಹೊರಟವರು ಗೇಟಿನ ಬಳಿ ನಿಂತು, “ಇವತ್ತೇ ಅರಳ್ತದೆ ಕಣೇ. ಈ ಬಿಸ್ಲಿಗೆ ಸಂಜೆ ತಂಕ ನಿಲ್ಲಾಕಿಲ್ಲ. ಒಬ್ರಾದ್ರೂ ನೋಡ್ಬೇಕಲ್ವಾ?” ಎಂದರು. ಆ ದನಿ ಕೇಳಿ ನನಗೇನಾಯಿತೋ, ಅವರೆದುರಿಗೇ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಜ್ವರ ಎಂದುಬಿಟ್ಟೆ.

ಒಂಬತ್ತಕ್ಕೆ ಅರಳಿತು. ಹಳದಿ ಸಾಸರಿನ ಮೇಲೆ ಹಳದಿ ಲೋಟ ಇಟ್ಟ ಹಾಗಿತ್ತು. ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತೆ. ಒಳಗೆ ತಿದ್ದಬೇಕಾದ ಉತ್ತರಪತ್ರಿಕೆಗಳಿದ್ದವು, ಬಕೆಟ್ಟಿನಲ್ಲಿ ನೆನೆಸಿದ ಬಟ್ಟೆಯಿತ್ತು. ಏಳಲಿಲ್ಲ. ಕೊನೆಯ ಗುಟುಕಿನವರೆಗೂ ಬಿಸಿಯಾಗಿ ಕಾಫಿ ಕುಡಿದು ಎಷ್ಟು ಕಾಲವಾಗಿತ್ತೋ!

ಪಕ್ಕದ ಮನೆಯ ಪುಟ್ಟತಾಯಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. “ಏನ್ ಟೀಚರಮ್ಮ, ಉಸಾರಿಲ್ವಾ?”

“ಚೆನ್ನಾಗೇ ಇದೀನಲ್ಲ.”

“ಮತ್ಯಾಕಂಗೆ ಕುಂತಿದ್ದೀರಿ? ನೀವು ಸುಮ್ಕೆ ಕುಂತಿದ್ದ ನಾ ಕಂಡೇ ಇಲ್ಲ ಕಣಮ್ಮ!”

ಹೂ ತೋರಿಸಿದೆ. “ಮುಡಿಯಾಕಾಯ್ತದಾ? ದೇವ್ರಿಗೆ ಇಡ್ಬೋದಾ?” ಎಂದು ಕೇಳಿದರು. ಎರಡಕ್ಕೂ ಆಗುವುದಿಲ್ಲ ಎಂದೆ. ಅವರು ಈಚೆ ಬಂದು ನನ್ನ ಹಣೆ ಮುಟ್ಟಿ ನೋಡಿ ಹೋದರು.

ಊಟದ ಬಿಡುವಿನಲ್ಲಿ ಗೇಟಿನ ಸದ್ದಾಯಿತು. ಇಬ್ಬರು ಸಹೋದ್ಯೋಗಿಗಳು ಎಳನೀರು ಹಿಡಿದು ನನ್ನನ್ನು ನೋಡಲು ಬಂದಿದ್ದರು. ಓಡಿಹೋಗಿ ಕಂಬಳಿ ಹೊದ್ದು ಮಲಗಿದೆ. ಆ ಸೆಕೆಗೆ ಮೈಯೆಲ್ಲ ನೀರಾಯಿತು. “ಬೆವರ್ತಿದೀರ, ಜ್ವರ ಬಿಡ್ತಿದೆ,” ಎಂದು ಒಬ್ಬರು ಸಮಾಧಾನಪಟ್ಟರು. ಅವರ ಹಿಂದೆಯೇ ಬಂದ ಪುಟ್ಟತಾಯಮ್ಮ, “ಬೆಳಗ್ಗಿಂದ ಒಂದೇ ಊವ ನೋಡ್ಕಂಡು ಕುಂತವ್ರೆ, ಪಾಪ,” ಎಂದು ಸಾಕ್ಷಿ ನುಡಿದರು. ಸಹೋದ್ಯೋಗಿಗಳು ಮುಖ ಮುಖ ನೋಡಿಕೊಂಡರು. ಎಲ್ಲರನ್ನೂ ಕಳಿಸಿ ಹೊರಗೆ ಬರುವಷ್ಟರಲ್ಲಿ ಹೂ ಕತ್ತು ಬಾಗಿಸಿತ್ತು.

ಸಂಜೆ ಯಜಮಾನರು ಬಂದವರೇ ಚಪ್ಪಲಿಯನ್ನೂ ಬಿಡದೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. “ಎಂಗಿತ್ತೇ?”

“ಚೆನ್ನಾಗಿತ್ತು,” ಎಂದೆ. ಗಣಿತದವಳಿಗೆ ಅದಕ್ಕಿಂತ ಹೆಚ್ಚಿನ ಮಾತು ಸಿಗಲಿಲ್ಲ.

“ಕುಂತ್ಕಂಡು ನೋಡ್ದಾ?”

“ಕೂತ್ಕೊಂಡೇ ನೋಡಿದೆ ಕಣ್ರೀ.”

“ಅಷ್ಟ್ ಸಾಕು ಬುಡು,” ಎಂದು ಕೈ ಒರೆಸಿಕೊಂಡು ಎದ್ದರು.

ಮರುದಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ನನ್ನನ್ನು ಕಂಡೊಡನೆ, “ಯಾಕೆ ಬಂದ್ರಿ ಮೇಡಂ? ಮುಖ ಎಷ್ಟು ಬಾಡಿಹೋಗಿದೆ!” ಎಂದು ಮರುಗಿದರು. ಸ್ಟಾಫ್ ರೂಮಿನ ಕನ್ನಡಿಯಲ್ಲಿ ನೋಡಿಕೊಂಡೆ. ನಾನು ದಿನಾ ಶಾಲೆಗೆ ತರುವ ಮುಖವೇ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ರಜೆ ಪುಸ್ತಕ ತೆಗೆದು, “ಇನ್ನೆರಡು ದಿನ ರಜೆ ಬರ್ಕೊಳ್ಳಲಾ?” ಎಂದರು.

“ಹೌದು ಮೇಡಂ, ತುಂಬಾ ಸುಸ್ತು,” ಎಂದೆ. ಎರಡು ದಿನದಲ್ಲಿ ಶಾಲೆಯವರಿಗೆ ನಾನಾಡಿದ ಸತ್ಯ ಅದೊಂದೇ.