ಕ್ಲೌಡಿಗೆ ಹೊರಟ ಮೀನಿನ ಹರಾಜು

ಮಣಿಪಾಲದಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಆಫೀಸು ನಡೆಸುವವಳು ನಾನು. ಕಂಪ್ಯೂಟರಿನಿಂದ ನನಗೆ ತಲೆನೋವು ಬಂದದ್ದು ಕಡಿಮೆ. ಅದರ ಸುತ್ತ ಇರುವ ಮನುಷ್ಯರಿಂದ ಬಂದದ್ದೇ ಹೆಚ್ಚು. ಆ ತಲೆನೋವು ಸದ್ಯಕ್ಕಂತೂ ನಿಲ್ಲುವ ಲಕ್ಷಣ ಇಲ್ಲ, ಪುಣ್ಯಕ್ಕೆ!

ಗುಡುಗು

ಮಲ್ಪೆಯ ಮೀನನ್ನು ಫೋನಿನಲ್ಲೇ ಹರಾಜು ಕೂಗುವ ಆಪ್ ಒಂದನ್ನು ನಾವು ಮಾಡಿಕೊಟ್ಟಿದ್ದೆವು. ಹೊರಗಿನಿಂದ ಒಂದೇ ಆಪ್. ಒಳಗೆ ಬೇರೆ ಬೇರೆ ಚಿಕ್ಕ ಸರ್ವಿಸ್‌ಗಳು: ಹರಾಜಿಗೊಂದು, ಐಸಿಗೊಂದು, ಲಾರಿಗೊಂದು. ಎಲ್ಲವೂ ನಮ್ಮ ಆಫೀಸಿನ ಮೂಲೆಯ ಒಂದು ಹಳೇ ಸರ್ವರಿನಲ್ಲಿ ಓಡುತ್ತಿದ್ದವು.

ಮಳೆಗಾಲಕ್ಕೆ ಮೊದಲು ಒಂದು ಬೆಳಿಗ್ಗೆ ಆಪಿನ ಧಣಿಗಳು ಫೋನ್ ಮಾಡಿದರು. ಕಾಪುವಿನವರು, ಬೋಟುಗಳ ಯಜಮಾನರು, ನಮಗೆ ಇರುವ ಒಬ್ಬರೇ ದೊಡ್ಡ ಗಿರಾಕಿ.

“ಎಂತ ಮಾರಾಯ್ರೇ, ಬಂಗುಡೆ ಹರಾಜು ಅರ್ಧಕ್ಕೇ ನಿಂತಿದೆ! ಇಲ್ಲಿ ಮೀನು ನನ್ನ ಮುಖ ನೋಡ್ತಾ ಉಂಟು!”

ಓಡಿ ಹೋಗಿ ನೋಡಿದರೆ ಸರ್ವರಿನ ಪ್ಲಗ್ಗು ನೆಲದ ಮೇಲೆ. ದೂರದಲ್ಲೆಲ್ಲೋ ಗುಡುಗಿತಂತೆ. ಆಫೀಸು ಗುಡಿಸುವ ಅಕ್ಕ ನಮ್ಮೂರಿನ ಎಲ್ಲರ ಹಾಗೆ ಮೊದಲು ಪ್ಲಗ್ಗು ಕಿತ್ತಿದ್ದರು. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು.

“ಹೆದರಬೇಡಿ ಮೇಡಂ, ನಿಮ್ಮ ಚಾರ್ಜರನ್ನೂ ತೆಗೆದಿಟ್ಟಿದ್ದೇನೆ.”

ಮುಂಬೈಯ ಭಾವ

ಧಣಿಗಳು ಆಫೀಸಿಗೇ ಬಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವುದರೊಳಗೆ ಇದಕ್ಕೊಂದು ಗತಿ ಕಾಣಿಸಬೇಕು. ಇನ್ನೊಮ್ಮೆ ಬಿದ್ದರೆ ನಮ್ಮ ಸಹವಾಸವೇ ಬೇಡ. ಅವರು ಬಿಟ್ಟರೆ ಆಫೀಸಿಗೆ ಬೀಗ.

“ಕ್ಲೌಡಿಗೆ ಹೋಗುವ, ಧಣಿ. ಸರ್ವರನ್ನು ನೋಡಿಕೊಳ್ಳುವ ಕೆಲಸ ಕ್ಲೌಡ್ ಕಂಪೆನಿಯದ್ದೇ. ಒಂದು ಸರ್ವಿಸ್ ಬಿದ್ದರೆ ಅವರೇ ಎಬ್ಬಿಸುತ್ತಾರೆ” ಎಂದೆ.

“ಅದು ಇರುವುದು ಎಲ್ಲಿ?”

“ಮುಂಬೈಯಲ್ಲಿ.”

ಧಣಿಗಳ ಮುಖ ಅರಳಿತು. ಉಡುಪಿ ಕಡೆಯವರಿಗೆ ಮುಂಬೈಯಲ್ಲಿ ಒಬ್ಬ ಭಾವನಾದರೂ ಇಲ್ಲದಿರುತ್ತಾನಾ? ಇವರ ಭಾವ ಅಲ್ಲಿ ಹೋಟೆಲಿಟ್ಟವರು. ವಿಳಾಸ ಎಲ್ಲಿಂದ ಸಿಕ್ಕಿತೋ, ಜಾಗ ನೋಡಿ ಬರಲು ಅವರನ್ನು ಕಳಿಸಿಯೇಬಿಟ್ಟರು. ಗೇಟಿನ ಒಳಗೆ ಯಾರು ಬಿಡುತ್ತಾರೆ? ಭಾವ ಹೊರಗೆ ನಿಂತು ವಾಚ್‌ಮನ್ ಹತ್ತಿರ ಮಾತಾಡಿ ಹಿಂದೆ ಬಂದರು.

ಮರುದಿನ ಧಣಿಗಳು ಒಪ್ಪಿಗೆ ಕೊಟ್ಟರು. “ಒಳಗೆ ಎಂತ ಉಂಟು ಗೊತ್ತಿಲ್ಲವಂತೆ. ಆದರೆ ಕಾಂಪೌಂಡು ಗಟ್ಟಿ ಉಂಟಂತೆ.”

ಆಟಿಯ ವಿಘ್ನ

ಅಷ್ಟರಲ್ಲಿ ಆಟಿ ತಿಂಗಳು ಹತ್ತಿರ ಬಂತು, ಶುಭಕಾರ್ಯಕ್ಕೆ ಆಗದ ನಮ್ಮ ತುಳುನಾಡಿನ ಆಷಾಢ. “ಆಟಿಯಲ್ಲಿ ಯಾರಾದರೂ ಮನೆ ಬದಲಾಯಿಸುತ್ತಾರಾ? ಸಾಧ್ಯವೇ ಇಲ್ಲ” ಎಂದು ಧಣಿಗಳು ಕೂತುಬಿಟ್ಟರು. ಆಟಿ ಮುಗಿಯುವವರೆಗೆ ಕಾದರೆ ಬೋಟುಗಳು ಕಡಲಿನಲ್ಲಿರುತ್ತವೆ, ನಾವು ಬೀದಿಯಲ್ಲಿರುತ್ತೇವೆ.

ನಮ್ಮ ಕಾರ್ಕಳದ ಹುಡುಗಿ, ಕೋಡ್ ಬರೆಯುವವಳು, ತಣ್ಣಗೆ ಹೇಳಿದಳು. “ಧಣಿ, ಆಟಿಗೆ ಮೊದಲು ಒಳ್ಳೆ ದಿನ ನೋಡಿ ಹಾಲು ಉಕ್ಕಿಸುವ. ಐಸಿನ ಸರ್ವಿಸ್ ಒಂದನ್ನು ಒಳಗೆ ಕೂರಿಸುವ. ಗೃಹಪ್ರವೇಶ ಆದ ಮೇಲೆ ಉಳಿದ ಸಾಮಾನು ಯಾವಾಗ ಸಾಗಿಸಿದರೆ ಎಂತ?”

ಒಂದೊಂದಾಗಿ ಕಳಿಸಬೇಕೆಂದು ನಾನು ತಿಂಗಳಿಡೀ ಬೊಬ್ಬೆ ಹೊಡೆದದ್ದೂ ಇದನ್ನೇ! ನನ್ನ ಮಾತು ಯಾರಿಗೂ ಬೇಡ. ಅವಳಿಗೆ ಮಾತ್ರ ಧಣಿಗಳು “ಬುದ್ಧಿವಂತೆ” ಎಂದರು.

ಒಳ್ಳೆಯ ದಿನ ಬಂತು. ಆಫೀಸಿನ ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿತು, ಐಸಿನ ಸರ್ವಿಸ್ ಕ್ಲೌಡಿಗೆ ಹೋಯಿತು. ಧಣಿಗಳು ಫೋನಿನಲ್ಲಿ ಕೇಳಿದರು, “ಹಾಲು ಯಾವ ದಿಕ್ಕಿಗೆ ಉಕ್ಕಿತು?”

ಹುಡುಗಿ ಒಲೆ ಒರೆಸುತ್ತಾ ಹೇಳಿದಳು, “ಮುಂಬೈ ದಿಕ್ಕಿಗೆ.”

ಇಲ್ಲದ ಅಂಜಲ್

ಉಳಿದದ್ದೆಲ್ಲ ಆಟಿಯಲ್ಲೇ ಸಾಗಿಸಿದೆವು. ಇನ್ನುಳಿದದ್ದು ಪರೀಕ್ಷೆ. ಎಲ್ಲ ಗಿರಾಕಿಗಳೂ ಒಟ್ಟಿಗೆ ಬಂದು ಹರಾಜು ಕೂಗಬೇಕು, ಆಪ್ ಬೀಳಬಾರದು. ಬಿದ್ದರೆ ಧಣಿಗಳ ಜೊತೆ ನಮ್ಮ ಋಣ ತೀರಿತು. ಅವರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು.

ರಜೆಯಲ್ಲಿ ಮೀನು ಎಲ್ಲಿಂದ ತರುವುದು? ಹಳೆಯದೊಂದು ಅಂಜಲ್ ಮೀನಿನ ಫೋಟೋ ಹಾಕಿ, “ಇದು ಪರೀಕ್ಷೆ ಮಾತ್ರ, ಮೀನು ಇಲ್ಲ” ಎಂದು ವಾಟ್ಸಾಪಿನಲ್ಲಿ ಎಲ್ಲರಿಗೂ ತಿಳಿಸಿದೆವು.

ಮೊದಲು ಯಾರೂ ಬರಲಿಲ್ಲ. ಆಮೇಲೆ ಎರ್ಮಾಳಿನ ಮೀನು ಮಾರುವ ಅಕ್ಕ ಒಬ್ಬರು ರೇಟು ಕೂಗಿದರು. ಅವರಿಗೂ ಮಲ್ಪೆಯ ಇನ್ನೊಬ್ಬ ಅಕ್ಕನಿಗೂ ಎಣ್ಣೆ ಸೀಗೆಕಾಯಿ. ಇವರು ಕೂಗಿದ್ದು ಕಂಡ ಕೂಡಲೇ ಅವರು ಏರಿಸಿದರು. ಇವರು ಬಿಡುತ್ತಾರಾ? ಇಬ್ಬರೂ ಏರಿಸುವುದನ್ನು ಕಂಡು, ಒಳ್ಳೆಯ ಮಾಲೇ ಇರಬೇಕೆಂದು ಊರಿಡೀ ನುಗ್ಗಿತು. ಹರಾಜಿನ ಸರ್ವಿಸ್ ಒಮ್ಮೆ ಬಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕ್ಲೌಡು ಅದನ್ನು ಎಬ್ಬಿಸಿ ನಿಲ್ಲಿಸಿತ್ತು. ಗಿರಾಕಿಗಳಿಗೆ ಗೊತ್ತೇ ಆಗಲಿಲ್ಲ. ಅಂಜಲ್ ಎರ್ಮಾಳಿನ ಅಕ್ಕನಿಗೆ ಹೋಯಿತು.

ಧಣಿಗಳು ಎದ್ದು ನಿಂತರು. “ಇಲ್ಲದ ಮೀನಿನ ಜಗಳವನ್ನೇ ತಡೆದುಕೊಂಡಿತು ಅಂದರೆ ಇರುವ ಮೀನಿನದ್ದು ಎಂತ ಲೆಕ್ಕ? ಈ ಸೀಸನ್ ನಿಮ್ಮ ಜೊತೆಗೇ ಮಾರಾಯ್ರೇ.”

ಕಾರ್ಕಳದ ಹುಡುಗಿ ಕುಣಿದೇಬಿಟ್ಟಳು. ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು. ಆಗ ಫೋನು ರಿಂಗಾಯಿತು. ಎರ್ಮಾಳಿನ ಅಕ್ಕ.

“ಮೇಡಂ, ಅಂಜಲ್ ಯಾವಾಗ ಕಳಿಸ್ತೀರಿ?”

“ಅಯ್ಯೋ ಅಕ್ಕ, ಮೀನು ಇಲ್ಲ ಅಂತ ಮೆಸೇಜು ಹಾಕಿದ್ದೆವಲ್ಲ! ನೀವು ಓದಲಿಲ್ವಾ?”

“ಓದಿದೆ. ಇಲ್ಲದ ಮೀನಿಗೆ ಆ ಮಲ್ಪೆಯವಳು ಅಷ್ಟು ಕೂಗುತ್ತಾಳಾ? ನೀವು ಸುಮ್ಮನೆ ಅಡಗಿಸಿ ಇಟ್ಟಿದ್ದೀರಿ. ಬೇಗ ಕಳಿಸಿ ಮೇಡಂ, ನಾನು ಹೋಟೆಲಿನವರಿಗೆ ಮಾರಿ ಆಯ್ತು, ಅವರು ಮಸಾಲೆ ಅರೆದು ಕೂತಿದ್ದಾರೆ!”